ಬಿಳಿ ಕಲ್ಲಿನ ಮೇಲೆ ಆರು ಪರ್ಸೆಂಟ್

ಮುಲಾಮು ಕಲಸುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಡಾಕ್ಟರ ಚೀಟಿ ಹಿಡಿದುಕೊಂಡು ಅದೇ ಅಂಗಡಿ ಮೆಟ್ಟಿಲು ಹತ್ತುತ್ತದೆ, ವಾರಕ್ಕೊಮ್ಮೆಯಾದರೂ.

ನನ್ನ ಕಾಲಿಗೆ ಒಂದು ಕಡೆ ನಿಲ್ಲುವ ಅಭ್ಯಾಸವಿಲ್ಲ. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದೆ. ಆಮೇಲೆ ಲಾರಿ ಕ್ಲೀನರ್ ಆದೆ, ಶಾಮಿಯಾನ ಕಟ್ಟಿದೆ, ಬೇಗೂರು ಕೆರೆ ಪಕ್ಕದ ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕಿದೆ. ಮಧ್ಯೆ ಒಮ್ಮೆ ಸುಮ್ಮನೆ ಬಸ್ಸು ಹತ್ತಿ ಕಾರವಾರದ ತನಕ ಹೋಗಿ ಬಂದದ್ದೂ ಉಂಟು. ಯಾಕೆ ಹೋಗಿದ್ದೆ ಅಂತ ಕೇಳಿದವರಿಗೆ, ಸಮುದ್ರ ಇದೆಯಾ ಅಂತ ನೋಡೋಕೆ ಅಂದೆ. ಇತ್ತು.

ಈಗ ಜಯನಗರದ ಒಂದು ಹಳೇ ಮೆಡಿಕಲ್ ಶಾಪಿನ ಹಿಂದಿನ ಕೋಣೆಯಲ್ಲಿದ್ದೇನೆ. ಅಲ್ಲೊಂದು ಟೇಬಲ್, ಅದರ ಮೇಲೆ ಬಿಳಿ ಮಾರ್ಬಲ್ ಕಲ್ಲು. ರೆಡಿಮೇಡ್ ಟ್ಯೂಬಿನಲ್ಲಿ ಸಿಗದ ಪವರಿನ ಮುಲಾಮು ಡಾಕ್ಟರು ಬರೆದರೆ ಆ ಕಲ್ಲಿನ ಮೇಲೆ ಕಲಸಿ ಕೊಡುತ್ತೇವೆ. ಲೆಕ್ಕ ಹಾಕೋದು, ತೂಗೋದು ಫಾರ್ಮಸಿಸ್ಟ್ ಮೇಡಂ. ಅವರ ಕಣ್ಣೆದುರಿಗೆ ಚಪ್ಪಟೆ ಚಾಕುವಿನಲ್ಲಿ ತಿರುಗಿಸಿ ತಿರುಗಿಸಿ ನುಣ್ಣಗೆ ಮಾಡೋದು ನಾನು. ಮಧ್ಯಾಹ್ನದ ಹೊತ್ತು ಕಿಟಕಿಯಾಚೆಯ ಹೊಂಗೆ ನೆರಳು ಬಂದು ಕಲ್ಲಿನ ಮೇಲೆ ಅಲ್ಲಾಡುತ್ತದೆ. ಮುಲಾಮು ಮೋಡದ ಹಾಗೆ ಹರಡುತ್ತದೆ, ಮಡಚಿಕೊಳ್ಳುತ್ತದೆ, ಮತ್ತೆ ಹರಡುತ್ತದೆ. ಕೈ ಇಲ್ಲಿರುತ್ತದೆ, ನಾನು ಕಾರವಾರದಲ್ಲಿರುತ್ತೇನೆ. ಎಲ್ಲಿಗೂ ಹೋಗದೆ ಅಲೆದಾಡುವ ಕೆಲಸ ಸಿಕ್ಕಿದ್ದು ಇದೊಂದೇ.

ಈ ವರ್ಷ ಆ ಟೇಬಲ್ಲಿಗೇ ಕುತ್ತು ಬಂತು. ಓನರ್ ಸಾರ್‌ಗೆ ಆ ಜಾಗದಲ್ಲಿ ಆನ್‌ಲೈನ್ ಆರ್ಡರಿನ ಪಾರ್ಸೆಲ್ ಜೋಡಿಸೋಕೆ ಕಬ್ಬಿಣದ ಸ್ಟ್ಯಾಂಡ್ ಬೇಕಂತೆ. ಟೇಬಲ್ ಹೋದರೆ ಮೇಡಂಗೆ ಉಳಿಯೋದು ಕತ್ತರಿ ಹಿಡಿದು ಮಾತ್ರೆ ಶೀಟು ಕತ್ತರಿಸುವ ಕೆಲಸ. ಅವರ ಜೀವವೆಲ್ಲ ಆ ಕಲ್ಲಿನ ಮೇಲೇ ಇತ್ತು, ಬಿಲ್‌ಕುಲ್ ಆಗಲ್ಲ ಅಂದರು. ಕೊನೆಗೆ ಸಾರ್, ದೀಪಾವಳಿ ತನಕ ನೋಡೋಣ, ಕಲಸಿದ ಮುಲಾಮಿನ ಮೇಲೆ ಒಂದೇ ಒಂದು ಕಂಪ್ಲೇಂಟ್ ಬಂದರೂ ಎತ್ತಿಸಿಬಿಡ್ತೀನಿ ಅಂದರು. ಅವತ್ತಿಂದ ಯಾರು ಮೆಟ್ಟಿಲು ಹತ್ತಿದರೂ ಮೇಡಂ ಮೊದಲು ಮುಖ ನೋಡೋರು, ಆಮೇಲೆ ಚೀಟಿ.

ಕಾಫಿಪುಡಿ ಪಾಠ

ಸೇರಿದ ಹೊಸದರಲ್ಲಿ ಪರ್ಸೆಂಟ್ ಅನ್ನೋದು ನನ್ನ ತಲೆಗೆ ಹೋಗುತ್ತಲೇ ಇರಲಿಲ್ಲ. ಮೇಡಂ ಪಕ್ಕದ ಕಾಫಿಪುಡಿ ಅಂಗಡಿಯನ್ನೇ ಉದಾಹರಣೆ ಮಾಡಿದರು. ಒಂದು ಡಬ್ಬದಲ್ಲಿ ತೊಂಬತ್ತು ಪಾಲು ಕಾಫಿ, ಹತ್ತು ಪಾಲು ಚಿಕೋರಿ. ಇನ್ನೊಂದರಲ್ಲಿ ಅರವತ್ತು ಕಾಫಿ, ನಲವತ್ತು ಚಿಕೋರಿ. ಗಿರಾಕಿಗೆ ಬೇಕಾದ್ದು ಎಂಬತ್ತು-ಇಪ್ಪತ್ತು. ಯಾವುದನ್ನ ಎಷ್ಟು ಹಾಕ್ತೀಯ ಅಂದರು.

ನಾನು ಕಿಟಕಿ ನೋಡಿದೆ. ಅವರೇ ಹೇಳಿದರು: ಮೊದಲನೇದು ಎರಡು ಪಾಲು, ಎರಡನೇದು ಒಂದು ಪಾಲು. ಬೇಕಾದ ಪವರಿಗೆ ಯಾವುದು ಹತ್ತಿರವೋ ಅದು ಜಾಸ್ತಿ, ಯಾವುದು ದೂರವೋ ಅದು ಕಮ್ಮಿ. ನೆಂಟರ ವಿಷಯವೂ ಹೀಗೇ ಅಲ್ಲವಾ ಅನಿಸಿತು ನನಗೆ.

ಖುಷಿ ತಡೆಯಲಾರದೆ ಸಂಜೆ ಕಾಫಿಪುಡಿ ಅಂಗಡಿಯವನಿಗೂ ಈ ವಿದ್ಯೆ ಹೇಳಿಕೊಟ್ಟೆ. ಅವನು ಪುಡಿ ಅಳೆಯೋದು ನಿಲ್ಲಿಸಿ ಪೂರ್ತಿ ಕೇಳಿದ. ಆಮೇಲೆ ಹೇಳಿದ: "ಗುರು, ಲೆಕ್ಕ ಸಖತ್ತಾಗಿದೆ. ಆದ್ರೆ ಇಲ್ಲಿ ಬರೋರು ಎಂಬತ್ತು-ಇಪ್ಪತ್ತು ಕೊಡಿ ಅಂತಾರೆ, ಆಮೇಲೆ ಚಿಕೋರಿ ಮಾತ್ರ ಹಾಕ್ಬೇಡಿ ಅಂತಾರೆ."

ಐದೂ ಐದೂ ಹತ್ತು

ಬನಶಂಕರಿಯಿಂದ ಒಬ್ಬರು ಅಂಕಲ್, ಜೊತೆಗೆ ಅವರ ಹೆಂಡತಿ. ಮೊಣಕೈ ಒರಟಾಗಿತ್ತು, ಡಾಕ್ಟರು ಹತ್ತು ಪರ್ಸೆಂಟಿನ ಕ್ರೀಮು ಬರೆದಿದ್ದರು. ಮನೆಯಲ್ಲಿ ನಾವೇ ಹಿಂದೆ ಕಲಸಿ ಕೊಟ್ಟಿದ್ದ ಐದು ಪರ್ಸೆಂಟಿನ ಎರಡು ಡಬ್ಬಿ ಇತ್ತಂತೆ. ಅಂಕಲ್ ಎರಡನ್ನೂ ಒಂದು ಬಟ್ಟಲಿಗೆ ಸುರಿದು ಕಲಸಿ ಹಚ್ಚಿಕೊಂಡಿದ್ದಾರೆ. ಐದೂ ಐದೂ ಹತ್ತು. ಆದರೂ ವಾಸಿಯಾಗಿಲ್ಲ, ನಿಮ್ಮ ಮುಲಾಮಿನಲ್ಲೇ ಮೋಸ ಅಂತ ದನಿ ಏರಿಸಿದರು. ಓನರ್ ಸಾರ್ ಗಲ್ಲಾಪೆಟ್ಟಿಗೆ ಹಿಂದೆ ಕಿವಿ ನೆಟ್ಟಗೆ ಮಾಡಿಕೊಂಡು ಕೂತರು.

ಮೇಡಂ ಬೆಣ್ಣೆಯಂಥ ದನಿಯಲ್ಲಿ ಕೇಳಿದರು, ಎರಡು ಲೋಟ ಉಗುರು ಬೆಚ್ಚಗಿನ ನೀರು ಒಂದೇ ಪಾತ್ರೆಗೆ ಹಾಕಿದರೆ ಕುದಿಯುತ್ತಾ ಸಾರ್? ಐದಕ್ಕೆ ಐದು ಸೇರಿಸಿದರೆ ಮುಲಾಮು ಜಾಸ್ತಿ ಆಗುತ್ತೆ, ಪವರ್ ಐದೇ. ಅಂಕಲ್ ತಮ್ಮ ಮೊಣಕೈ ನೋಡಿಕೊಂಡರು. ಹೆಂಡತಿ ಮಾತ್ರ ಇಂಥದ್ದಕ್ಕೇ ಕಾದಿದ್ದವರ ಹಾಗೆ ಮುಂದೆ ಬಂದರು.

"ಚೆನ್ನಾಗ್ ಹೇಳಿದ್ರಿ ಮೇಡಂ. ಮನೇಲೂ ಒಂದೇ ಮಾತನ್ನ ಎರಡೆರಡು ಸಲ ಹೇಳ್ತಾರೆ, ಪವರ್ ಜಾಸ್ತಿ ಆಗುತ್ತೆ ಅನ್ಕೊಂಡು."

ಚಿಟಿಕೆ

ಕೋಣನಕುಂಟೆಯ ಒಬ್ಬರು ಮದುವೆ ಅಡುಗೆ ಭಟ್ಟರು ಮಂಡಿನೋವಿಗೆ ಮುಲಾಮು ಮಾಡಿಸಿಕೊಳ್ಳುತ್ತಿದ್ದರು, ಮೆಂಥಾಲ್ ಅನ್ನುವ ಪುದೀನ ಹರಳು ಹಾಕಿದ್ದು. ಡಬ್ಬಿ ತೆರೆದು, ಸಾರಿನ ರುಚಿ ನೋಡುವವರ ಹಾಗೆ ಅಂಗೈಗೆ ಒಂಚೂರು ತಟ್ಟಿಕೊಂಡು, ಕಣ್ಣು ಮುಚ್ಚಿ ಮೂಸಿ, ಖಾರ ಸಾಲದು, ಇನ್ನೊಂದು ಚಿಟಿಕೆ ಬೀಳಲಿ ಅನ್ನೋರು. ಇಲ್ಲಿ ಚಿಟಿಕೆ ಇಲ್ಲ, ಗ್ರಾಂ ಮಾತ್ರ ಅಂತ ಮೇಡಂ. ಸಾವಿರ ಜನರ ಸಾರಿಗೇ ನಾನು ತಕ್ಕಡಿ ಮುಟ್ಟಿಲ್ಲ ಅಂತ ಭಟ್ಟರು. ಇಬ್ಬರೂ ಬಿಡುವವರಲ್ಲ.

ಕೊನೆಗೆ ಮೇಡಂ, ಸಾರು ಖಾರ ಆದ್ರೆ ಜನ ನೀರು ಕುಡೀತಾರೆ, ಮುಲಾಮು ಖಾರ ಆದ್ರೆ ಏನ್ ಮಾಡ್ತಾರೆ ಭಟ್ರೇ ಅಂದರು.

ಭಟ್ಟರು ಡಬ್ಬಿಯ ಮುಚ್ಚಳ ಮುಚ್ಚಿದರು. "ಎರಡನೇ ಪಂಕ್ತಿಗೆ ಬರಲ್ಲ."

ಮುಗಿಯದ ಬಾಟ್ಲಿ

ಬಿಟಿಎಂ ಲೇಔಟಿನ ಪೀಜಿಯಲ್ಲಿರುವ ಒಬ್ಬ ಹುಡುಗ, ಕಂಪ್ಯೂಟರ್ ಕೆಲಸದವನು. ತಲೆಹೊಟ್ಟಿಗೆ ನಮ್ಮಲ್ಲಿ ಲೋಶನ್ ಮಾಡಿಸಿದ್ದ. ತಿಂಗಳುಗಟ್ಟಲೆ ಪತ್ತೆಯಿಲ್ಲ. ಒಂದು ಮಧ್ಯಾಹ್ನ ಅದೇ ಬಾಟ್ಲಿ ಹಿಡಿದು ಬಂದ, ಹೊಟ್ಟು ಹೋಗಿಲ್ಲ ಅಂದ. ಮೇಡಂ ಒಮ್ಮೆ ಓನರ್ ಸಾರ್ ಕಡೆ ನೋಡಿ, ಮೆತ್ತಗೆ ಕೇಳಿದರು, ಇಷ್ಟು ದಿನ ಹೇಗೆ ಬಂತು ಬಾಟ್ಲಿ?

ಅದರಲ್ಲೇನಿದೆ ಅನ್ನುವ ಹಾಗೆ ಹೇಳಿದ ಹುಡುಗ: ಅರ್ಧ ಆದಾಗ ನೀರು ಹಾಕಿ ಕುಲುಕ್ತೀನಿ. ಮತ್ತೆ ಅರ್ಧ ಆದಾಗ ಮತ್ತೆ ನೀರು. ಶಾಂಪೂಗೆ ಮನೇಲಿ ಅಮ್ಮ ಹಂಗೇ ಮಾಡೋದು.

ಮೇಡಂ ಬಾಟ್ಲಿಯನ್ನು ಬೆಳಕಿಗೆ ಹಿಡಿದರು. ಒಳಗೆ ತಿಳಿನೀರಿನಲ್ಲಿ ಬಿಸಿಲು ತೇಲುತ್ತಿತ್ತು. ನನಗೆ ಬೇಗೂರು ಕೆರೆ ಕಂಡಿತು. ಮೇಡಂ ಸಲಸಲಕ್ಕೂ ಅರ್ಧ, ಅರ್ಧದಲ್ಲಿ ಅರ್ಧ ಅಂತ ಬೆರಳು ಮಡಚಿ ಲೆಕ್ಕ ಹಾಕಿ, "ಇದ್ರಲ್ಲಿ ಈಗ ಇರೋದು ಔಷಧಿ ಅಲ್ಲಪ್ಪ, ಔಷಧಿಯ ನೆನಪು," ಅಂದರು.

ಹುಡುಗ ಗಂಭೀರವಾಗಿ ತಲೆಯಾಡಿಸಿದ. "ಅದಕ್ಕೇ ಮೇಡಂ, ಹಚ್ಕೊಂಡಾಗೆಲ್ಲ ಏನೋ ಮರೆತಿರೋ ಹಂಗೆ ಅನ್ಸೋದು."

ಸಾರ್ ಲೆಕ್ಕ

ದೀಪಾವಳಿ ಹತ್ತಿರ ಬಂತು. ಬಂದ ಕಂಪ್ಲೇಂಟ್ ಒಂದೂ ಮೇಡಂ ಮುಂದೆ ನಿಲ್ಲಲಿಲ್ಲ. ಓನರ್ ಸಾರ್ ಬೇರೆ ಉಪಾಯ ತೆಗೆದರು. ಹಿಮ್ಮಡಿ ಮುಲಾಮು ಮೂರು ಪರ್ಸೆಂಟಿನದೂ ಹನ್ನೆರಡು ಪರ್ಸೆಂಟಿನದೂ ರೆಡಿಮೇಡ್ ಟ್ಯೂಬಿನಲ್ಲಿ ಬರುತ್ತೆ. ಎರಡನ್ನೂ ಸೇರಿಸಿದರೆ ಮಧ್ಯದ ಪವರ್ ಬಂತಲ್ಲ, ಅದಕ್ಕೆ ಮೇಡಂ ಯಾಕೆ, ಟೇಬಲ್ ಯಾಕೆ?

ಪ್ರಯೋಗಕ್ಕೆ ಸಿಕ್ಕಿದ್ದು ಅವರ ಅತ್ತೆ. ಜೆ.ಪಿ. ನಗರದಲ್ಲಿರುವ ಹಿರಿಯರು, ಅಂಗಡಿ ಇರುವ ಕಟ್ಟಡ ಅವರದ್ದೇ. ಹಿಮ್ಮಡಿ ಚರ್ಮ ದಡ್ಡುಗಟ್ಟಿತ್ತು, ಡಾಕ್ಟರು ಆರು ಪರ್ಸೆಂಟ್ ಬರೆದಿದ್ದರು. ಮೇಡಂ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಸಾರ್ ಶರ್ಟಿನ ತೋಳು ಮಡಚಿದರು. ಹನ್ನೆರಡರಲ್ಲಿ ಆರು ಹೋದರೆ ಆರು, ಹಾಗಾಗಿ ಹನ್ನೆರಡರದ್ದು ಆರು ಪಾಲು. ಆರರಲ್ಲಿ ಮೂರು ಹೋದರೆ ಮೂರು, ಹಾಗಾಗಿ ಮೂರರದ್ದು ಮೂರು ಪಾಲು. ರಾಗವಾಗಿ ಹೇಳಿಕೊಂಡೇ ಕಲಸಿದರು, ಶ್ಲೋಕದ ಹಾಗಿತ್ತು. ಹೊಂಗೆ ನೆರಳು ನೋಡುತ್ತಾ ನಾನೂ ತಲೆದೂಗಿದೆ. ಡಬ್ಬಿ ತುಂಬಿಕೊಂಡು ಸ್ಕೂಟರ್ ಹತ್ತಿ ಹೋಗಿ ಕೊಟ್ಟು ಬಂದರು.

ಮೇಡಂ ವಾಪಸ್ ಬಂದು ಟೇಬಲ್ ನೋಡಿದರು. ಹನ್ನೆರಡರ ಟ್ಯೂಬುಗಳು ಹಿಂಡಿ ಹಪ್ಪಳವಾಗಿದ್ದವು, ಮೂರರದ್ದು ಇನ್ನೂ ಹೊಟ್ಟೆ ತುಂಬ ಇತ್ತು. ಆರಕ್ಕೆ ಹತ್ತಿರ ಇರೋದು ಮೂರು, ಅದು ಎರಡು ಪಾಲು ಬೀಳಬೇಕಿತ್ತು, ನೀವು ತಿರುಗಾಮುರುಗಾ ಮಾಡಿದ್ದೀರ, ಆಗಿರೋದು ಒಂಬತ್ತು ಪರ್ಸೆಂಟ್, ಈಗಲೇ ಫೋನ್ ಮಾಡಿ ಹಚ್ಚಬೇಡಿ ಅಂತ ಹೇಳಿ ಅಂದರು. ಸಾರ್ ಆಯ್ತಾಯ್ತು ಅಂದರು. ಅತ್ತೆಗೆ ಫೋನ್ ಮಾಡಿ ನನ್ನ ಲೆಕ್ಕ ತಪ್ಪಾಯ್ತು ಅನ್ನುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಮುಂದಿನ ವಾರ ಅತ್ತೆ ಅಂಗಡಿ ಮುಂದೆ ಆಟೋ ಇಳಿದರು. ಕಾಲಿಗೆ ಸಾಕ್ಸು. ಮೇಡಂ ಎಂದಿನಂತೆ ಮೊದಲು ಮುಖ ನೋಡಿದರು, ಏನೂ ಗೊತ್ತಾಗಲಿಲ್ಲ. ಅತ್ತೆ ಡಬ್ಬಿಯನ್ನು ಕೌಂಟರ್ ಮೇಲಿಟ್ಟು, ಇದನ್ನ ಕಲಸಿದ್ದು ಯಾರು ಅಂದರು.

ಸಾರ್ ಬೆರಳು ಅವರಿಗಿಂತ ಮೊದಲೇ ಎದ್ದು ಮೇಡಂ ಕಡೆ ತೋರಿಸಿತು. "ಇವ್ರೇ ಅತ್ತೆ. ಆ ಟೇಬಲ್ ಎತ್ತಿಸ್ಬೇಕು ಅಂತ ನಾನು ಹೇಳ್ತಾನೇ ಇದ್ದೀನಿ. ಇವತ್ತೇ ಎತ್ತಿಸ್ತೀನಿ."

ಮೇಡಂ ಹಿಂದಿನ ಕೋಣೆಯ ಕಲ್ಲಿನ ಕಡೆ ತಿರುಗಿ ನೋಡಿದರು. ಇನ್ಯಾರದ್ದೋ ಲೆಕ್ಕಕ್ಕೆ ಅವರ ಕಲ್ಲು ಹೊರಟಿತ್ತು. ನಾನು ಕೈಯಲ್ಲಿದ್ದ ಚಾಕು ಕೆಳಗಿಟ್ಟೆ.

ಅತ್ತೆ ನಿಧಾನವಾಗಿ ಸ್ಟೂಲಿನ ಮೇಲೆ ಕೂತು ಸಾಕ್ಸು ಬಿಚ್ಚಿ ಕಾಲು ಚಾಚಿದರು. ಹಿಮ್ಮಡಿ ಹಸುಗೂಸಿನ ಕೆನ್ನೆಯ ಹಾಗಿತ್ತು. ಹಳೇ ಚರ್ಮವೆಲ್ಲ ಈರುಳ್ಳಿ ಸಿಪ್ಪೆ ಬಿಟ್ಟ ಹಾಗೆ ಬಿಟ್ಟುಹೋಯಿತಂತೆ. ಧೂಳು ಸೋಕಬಾರದು ಅಂತ ಸಾಕ್ಸು. ಪಾರ್ಕಿಗೆ ವಾಕಿಂಗ್ ಬರುವ ಹೆಂಗಸರೆಲ್ಲ ನಿಂತು ನೋಡಿದರಂತೆ.

"ಟೇಬಲ್ ಎತ್ತೋ ಮಾತು ಇನ್ನೊಂದು ಸಲ ಬರ್ಬಾರ್ದು ಅಳಿಯಂದ್ರೇ. ಕಟ್ಟಡ ನಂದು, ಹಿಮ್ಮಡಿನೂ ನಂದು."

ಮೇಡಂ ಬಗ್ಗಿ ಎರಡೂ ಕಾಲು ತಿರುಗಿಸಿ ನೋಡಿದರು. ಗಾಯ ಇಲ್ಲ, ಉರಿ ಇಲ್ಲ ಅಂತ ಖಾತ್ರಿಯಾದ ಮೇಲೆ ಉಸಿರು ಬಿಟ್ಟರು. ಸುಮ್ಮನಿದ್ದರೆ ಟೇಬಲ್ ಉಳಿದುಬಿಡುತ್ತಿತ್ತು. ಆದರೂ ಹೇಳಿದರು, ಅಮ್ಮಾ, ಇದು ನಾನು ಕಲಸಿದ್ದಲ್ಲ, ಪವರ್ ಜಾಸ್ತಿ ಆಗಿತ್ತು, ನಿಮ್ಮ ಪುಣ್ಯ ಏನೂ ಆಗಿಲ್ಲ. ಸ್ವಲ್ಪ ದಿನ ಹಚ್ಚಬೇಡಿ. ಆಮೇಲೆ ಚೀಟಿಯಲ್ಲಿರೋ ಆರೇ ನಾನು ಕೊಡೋದು.

ಹಾಗಾದ್ರೆ ಕಲಸಿದ್ದು ಯಾರು ಅಂದರು ಅತ್ತೆ.

ಸಾರ್ ಕಾಲರ್ ಸರಿ ಮಾಡಿಕೊಂಡು ಕೌಂಟರಿನಿಂದ ಈಚೆ ಬಂದರು. ಮುಖದಲ್ಲಿ ದೀಪಾವಳಿ. "ನಾನೇ ಅತ್ತೆ."

ಅತ್ತೆ ಅವರನ್ನು ತಲೆಯಿಂದ ಕಾಲಿನ ತನಕ ನೋಡಿದರು. ಆಮೇಲೆ ಮೇಡಂ ಕೈ ಹಿಡಿದುಕೊಂಡರು.

"ಎಷ್ಟು ದೊಡ್ಡ ಮನಸ್ಸಮ್ಮ ನಿಂದು, ಹೆಸರು ಓನರಿಗೆ ಬರ್ಲಿ ಅಂತ. ನೀವು ಸುಮ್ನಿರಿ ಅಳಿಯಂದ್ರೇ. ಮನೇಲಿ ಮಜ್ಜಿಗೆಗೆ ನೀರು ಬೆರೆಸೋಕೂ ನಮ್ಮ ಹುಡುಗಿ ನಿಮ್ಮನ್ನ ನಂಬಲ್ಲ."