ಬೆಂಡೆಕಾಯಿ ನೀರಿನ ಮಹಾಪರೀಕ್ಷೆ

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮಿಸಿಬಿಡಿ. ಸಾಲುಗಳು ನೆಟ್ಟಗೆ ಹೊರಟು, ಕೊನೆಗೆ ನಮ್ಮ ಲಗ್ಗೆರೆಯ ಗಲ್ಲಿಗಳಂತೆ ಎಲ್ಲೆಲ್ಲೋ ತಿರುಗಿಕೊಳ್ಳುತ್ತವೆ. ಮಾತುಗಳೂ ಅಷ್ಟೇ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಫೇಲಾಗಿ ಶಾಲೆ ಬಿಟ್ಟವಳು ನಾನು. ನಾಲ್ಕು ಜನ ಎದುರು ನಿಂತರೆ ಬಾಯಿ ಒಣಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಆದರೂ ಒಂದು ಮಾತು ಹೇಳಲೇಬೇಕು: ಹದಿನೈದು ದಿನಗಳ ಮಟ್ಟಿಗೆ ಇಡೀ ಲಗ್ಗೆರೆಯಲ್ಲಿ ನನ್ನಂಥ ವಿಜ್ಞಾನಿ ಇನ್ನೊಬ್ಬಳಿರಲಿಲ್ಲ!

ಎಲ್ಲ ಶುರುವಾದದ್ದು ಅಪ್ಪನ ಮೊಬೈಲಿನಿಂದ. ಅಪ್ಪ ಯಮನಪ್ಪ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಾನೆ. ಮೂರು ವರ್ಷದಿಂದ ಶುಗರ್. ಒಂದು ದಿನ ಮೊಬೈಲಿನಲ್ಲಿ ಬಿಳಿ ಕೋಟಿನವನೊಬ್ಬ ಪ್ರತ್ಯಕ್ಷನಾಗಿ, "ಬೆಂಡೆಕಾಯಿ ಹೆಚ್ಚಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಕುಡಿಯಿರಿ, ಮಾತ್ರೆ ಬಿಸಾಕಿ" ಎಂದು ಅಪ್ಪಣೆ ಕೊಡಿಸಿದ. ಅಪ್ಪ ಅವತ್ತೇ ಮಾತ್ರೆ ಬಿಟ್ಟ.

"ರೀ, ಡಾಕ್ಟರ್ ಬರದುಕೊಟ್ಟ ಗುಳಿಗಿ ಬಿಡಬ್ಯಾಡ್ರಿ" ಎಂದಳು ಅವ್ವ.

"ಇಂವಾನೂ ಡಾಕ್ಟರನ. ಕೋಟು ಕಾಣವಲ್ದೇನ ನಿನಗ?"

"ಬೇಕರಿಯಾಂವನೂ ಕೋಟು ಹಾಕ್ತಾನ! ಹಂಗಂತ ಅವನ ಕಡೆ ಆಪರೇಷನ್ ಮಾಡಿಸ್ಕೋತೀರೇನು?"

ಇದು ನಗುವ ವಿಷಯವಾಗಿ ಉಳಿಯಲಿಲ್ಲ. ಒಂದು ಸಂಜೆ ಅಪ್ಪ ಮನೆಗೆ ಬಂದಾಗ ನೆಲದ ಮೇಲೆ ರಕ್ತದ ಹೆಜ್ಜೆಗಳು. ಅಂಗಾಲಿಗೆ ಕಬ್ಬಿಣದ ಚೂರು ನಟ್ಟಿತ್ತು, ಅಪ್ಪನಿಗೆ ಗೊತ್ತೇ ಆಗಿರಲಿಲ್ಲ! ಮರುದಿನ ಬೆಳಿಗ್ಗೆ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡಿದರೆ ಖಾಲಿ ಹೊಟ್ಟೆಯಲ್ಲೇ ಶುಗರ್ ಇನ್ನೂರ ಅರವತ್ನಾಲ್ಕು. ಅಲ್ಲಿಯ ಸಿಸ್ಟರ್, "ಹಿಂಗೇ ಬಿಟ್ರೆ ಕಾಲು ಹೋಗತ್ತೆ ಕಣ್ರೀ" ಎಂದು ಗದರಿದರು. ಅಪ್ಪ ತಲೆಯಾಡಿಸಿ ಬಂದು, ಸಂಜೆ ಮತ್ತೆ ಬೆಂಡೆಕಾಯಿ ಹೆಚ್ಚಲು ಕುಳಿತ!

ಆಗ ನಾನು ಪ್ರತಿಜ್ಞೆ ಮಾಡಿದೆ. ಜಗಳದಿಂದ ಆಗದ್ದನ್ನು ಪುರಾವೆಯಿಂದ ಮಾಡಿ ತೋರಿಸುತ್ತೇನೆ!

"ಅಪ್ಪಾ, ಈ ನೀರಿನ ಪರೀಕ್ಷಾ ಮಾಡಿ ನೋಟ್‌ಬುಕ್ಕಿನ್ಯಾಗ ಬರಿಯೂಣು. ಹದಿನೈದು ದಿನ."

ಅಪ್ಪ ಹೆಚ್ಚುತ್ತಿದ್ದ ಬೆಂಡೆಕಾಯಿ ಪಕ್ಕಕ್ಕಿಟ್ಟ. "ನೀ ಮಾಡ್ತೀ? ಮಾಡವಾ. ನಿನ್ನ ನೋಟ್‌ಬುಕ್ ಏನ್ ಹೇಳ್ತದ ಅದಕ್ಕ ನಾ ಸೈ."

ಗ್ರಂಥಾಲಯದ ಪುಸ್ತಕವೊಂದರಲ್ಲಿ ಓದಿದ್ದೆ. ಕೆಲವರಿಗೆ ಅಸಲಿ ಔಷಧ, ಕೆಲವರಿಗೆ ಹಾಗೇ ಕಾಣುವ ನಕಲಿ. ಯಾರಿಗೆ ಯಾವುದು ಎಂದು ಕುಡಿಯುವವರಿಗೂ ಗೊತ್ತಿರಬಾರದು, ಅಳೆಯುವವರಿಗೂ ಗೊತ್ತಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷೆ ಮಾಡುವವರು ತಮ್ಮ ಮನಸ್ಸಿನ ಆಸೆಯನ್ನು ಬಾಯಿಬಿಡಬಾರದು. ಬಾಯಿ ಬಿಡದಿರುವುದರಲ್ಲಿ ನನಗೆ ಡಾಕ್ಟರೇಟೇ ಕೊಡಬಹುದು!

ವಠಾರದಲ್ಲಿ ಶುಗರ್ ಇದ್ದ ಇನ್ನಿಬ್ಬರು, ಎದುರು ಮನೆಯ ಕೊಟ್ರಪ್ಪ ಕಾಕಾ ಮತ್ತು ಮೂಲೆಮನೆಯ ಹನುಮವ್ವ, ತಾವೂ ಬರುತ್ತೇವೆಂದರು. ಅವರ ಶುಗರನ್ನೂ ಅಳೆಸಿ ಬರೆದುಕೊಂಡು, ನೀವು ಮಾತ್ರೆ ಬಿಡಬಾರದು ಎಂದು ಇಬ್ಬರಿಂದಲೂ ಹೆಬ್ಬೆಟ್ಟು ಒತ್ತಿಸಿಕೊಂಡೆ. ನಕಲಿ ಔಷಧಕ್ಕೆ ಅಗಸೆ ಬೀಜ ಕುದಿಸಿ ಸೋಸಿದ ಲೋಳೆ. (ಅಗಸೆ ಶುಗರಿಗೆ ರಾಮಬಾಣ ಎಂಬ ವಿಡಿಯೋ ನಮ್ಮ ವಠಾರಕ್ಕೆ ಆಗಿನ್ನೂ ಬಂದಿರಲಿಲ್ಲ.) ಮೂವರ ಹೆಸರಿನ ಮೂರು ಸ್ಟೀಲ್ ತಂಬಿಗೆ. ಗುಟ್ಟಿನ ಹೊಣೆ ಅವ್ವನದು. ತಂಬಿಗೆಯ ತಳದಲ್ಲಿ ಕುಂಕುಮ ಇಟ್ಟರೆ ಬೆಂಡೆ, ವಿಭೂತಿ ಇಟ್ಟರೆ ಅಗಸೆ. ಯಾವುದಕ್ಕೆ ಯಾವುದು ಎಂದು ಅವಳೇ ಗುರುತು ಮಾಡಿ, ಅವಳೇ ತುಂಬಬೇಕು. ನಾನು ತಳ ನೋಡದೆ ಹಂಚಬೇಕು. ಹದಿನೈದು ದಿನ ತಂಬಿಗೆಗಳನ್ನು ದೇವರ ಪಲ್ಲಕ್ಕಿಯಂತೆ ಹೊತ್ತೆ. ತಪ್ಪಿಯೂ ತಳ ನೋಡಲಿಲ್ಲ!

ಹದಿನಾರನೆಯ ದಿನ ಮೂವರನ್ನೂ ಖಾಲಿ ಹೊಟ್ಟೆಯಲ್ಲೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಕೊಟ್ರಪ್ಪ ಕಾಕಾ ಇದ್ದಷ್ಟೇ. ಹನುಮವ್ವ ಇದ್ದಷ್ಟೇ. ಅಪ್ಪ? ನೂರ ನಲವತ್ತೆಂಟು!

ನನಗೆ ನೆಲ ಬಾಯಿಬಿಟ್ಟಂತಾಯಿತು. ಮನೆಗೆ ಓಡಿ ಅವ್ವನನ್ನು ಕೇಳಿದೆ: "ಅಪ್ಪನ ತಂಬಿಗಿಗೆ ಏನಿಟ್ಟಿದ್ದಿ? ಕುಂಕುಮಾನೋ, ವಿಭೂತಿನೋ?"

"ಎರಡೂ."

"ಎರಡೂ ಅಂದ್ರ?"

"ನಡುವ ಅಮಾಸಿ ಬಂತಲ್ಲವಾ. ಎಲ್ಲಾ ಭಾಂಡೇ ಹುಣಸಿಹಣ್ಣು ಹಚ್ಚಿ ತಿಕ್ಕಿ, ವಿಭೂತಿ ಕುಂಕುಮ ಏರಿಸಿದೆ. ತಳದಾಗಿನ ಗುರ್ತು ಹೋತು."

"ಮತ್ತ ಆಮ್ಯಾಲೆ ಯಾರಿಗೆ ಏನ್ ತುಂಬಿದಿ?"

"ಎಲ್ಲಾರಿಗೂ ಎರಡೂ ಕೂಡಿಸಿ ತುಂಬಿದೆ. ಒಬ್ಬರಿಗೆ ಔಷಧ, ಒಬ್ಬರಿಗೆ ಬರೀ ಲೋಳಿ ಕೊಟ್ರ ಶಿವಾ ಮೆಚ್ಚತಾನೇನ?"

ಗೋಡೆಗೆ ತಲೆ ಚಚ್ಚಿಕೊಳ್ಳೋಣವೆಂದರೆ ಬಾಡಿಗೆ ಮನೆ!

ಅಷ್ಟರಲ್ಲಿ ವಠಾರದ ತೀರ್ಪು ಹೊರಬಿದ್ದಿತ್ತು. ಬೆಂಡೆಕಾಯಿ ಗೆದ್ದಿತು! ಕೊಟ್ರಪ್ಪ ಕಾಕಾ ಬಾಗಿಲಲ್ಲಿ ನಿಂತು ಘೋಷಿಸಿದ: "ನಾಳಿಂದ ನಾನೂ ಗುಳಿಗಿ ಬಿಟ್ಟೆ!"

"ಕಾಕಾ, ನಿಮ್ಮ ಶುಗರ್ ಒಂದು ಕೂದಲಷ್ಟೂ ಇಳಿದಿಲ್ಲ!"

"ಎಲ್ಲಿಂದ ಇಳೀತದ? ನಾ ಗುಳಿಗಿ ನುಂಗಾಕತ್ತಿದ್ನಲ್ಲ, ಅದು ಬೆಂಡಿಕಾಯಿಗೆ ಅಡ್ಡ ಬಂತು. ನಿಮ್ಮಪ್ಪ ಬಿಟ್ಟಾ, ಇಳೀತು. ನಿನ್ನ ನೋಟ್‌ಬುಕ್ಕನ ಹೇಳ್ತದಲ್ಲವಾ!"

ನನ್ನದೇ ನೋಟ್‌ಬುಕ್ಕು, ನನ್ನ ಮೇಲೇ ಸಾಕ್ಷಿ! ಹನುಮವ್ವ ಆಗಲೇ ಬೆಂಡೆಕಾಯಿ ತರಲು ಚೀಲ ಹಿಡಿದು ಹೊರಟಿದ್ದಳು. ಉತ್ತರ ಹೇಳಲು ಬಾಯಿ ಒಣಗಿತು. ಸಿಟ್ಟು ತೀರಿಸಿಕೊಳ್ಳಲು ಅಪ್ಪನ ಕಾರ್ಖಾನೆಯ ಅಂಗಿಯನ್ನು ಕಲ್ಲಿಗೆ ಒಗೆಯಲು ಎತ್ತಿದೆ. ಜೇಬಿನಿಂದ ಏನೋ ಚರಕ್ ಎಂದಿತು. ಮಾತ್ರೆಯ ಹಾಳೆ. ಒಂದಲ್ಲ, ಎರಡು. ಎರಡೂ ಖಾಲಿ!

ಅಪ್ಪನ ಮುಂದೆ ಹಿಡಿದೆ. "ಇದೇನಿದು?"

ಅಪ್ಪ ತಲೆ ತಗ್ಗಿಸಿದ. "ನೀ ಪರೀಕ್ಷಾ ಚಾಲೂ ಮಾಡಿದ ದಿನದಿಂದನ ತೊಗೊಳ್ಳಾಕತ್ತೆ. ಕಾರ್ಖಾನ್ಯಾಗ, ಯಾರಿಗೂ ಹೇಳದಂಗ."

"ಯಾಕ?"

"ವಿಜ್ಞಾನದಾಗ ಫೇಲ್ ಆದಾಗಿಂದ ನೀ ತಲಿ ಎತ್ತಿ ಮಾತಾಡಿದ್ದ ನಾ ನೋಡಿಲ್ಲ. ಈಗ ದಿನಾ ಸ್ಕೇಲ್ ಹಿಡದು ಗೆರಿ ಹೊಡೀತಿದ್ದಿ. ಶುಗರ್ ಇಳೀಲಿಲ್ಲಂದ್ರ ನಿನ್ನ ಪರೀಕ್ಷಾ ಮತ್ತ ಫೇಲ್ ಆಗ್ತದಲ್ಲಾ ಅಂತ..."

"ಅಯ್ಯೋ ಅಪ್ಪಾ! ಶುಗರ್ ಇಳೀಬಾರದಾಗಿತ್ತು! ಇಳೀದಿದ್ರನ ನಾ ಪಾಸು!"

ಅಪ್ಪನ ಕಣ್ಣು ಅಗಲವಾದವು. "ಮಹಾನಂದಾ! ಅಪ್ಪನ ಶುಗರ್ ಇಳೀಬಾರದಂತ ಹರಕಿ ಹೊತ್ತು ಕುಂತಿದ್ಯೇನು?"

ಒಳಗಿನಿಂದ ಅವ್ವ: "ಕೇಳ್ರಿ ಮಗಳ ಮಾತ!"

ನೋಟ್‌ಬುಕ್ ತೆರೆದು ಫಲಿತಾಂಶದ ಜಾಗದಲ್ಲಿ, ಆದಷ್ಟು ದುಂಡಗೆ, ಹೀಗೆ ಬರೆದಿದ್ದೇನೆ: ಮಾತ್ರೆ ಪಾಸು. ಅಪ್ಪ ಪಾಸು. ಬೆಂಡೆಕಾಯಿ, ಗೊತ್ತಾಗಲಿಲ್ಲ. ಪರೀಕ್ಷೆ ಮಾಡಿದವಳು ಮತ್ತೆ ಫೇಲು.

ನಾಳೆ ಬೆಳಿಗ್ಗೆ ಖಾಲಿ ಹಾಳೆ ಎರಡನ್ನೂ ಹಿಡಿದುಕೊಂಡು ಕೊಟ್ರಪ್ಪ ಕಾಕಾನ ಮನೆಗೂ ಹನುಮವ್ವನ ಮನೆಗೂ ಹೋಗುತ್ತೇನೆ. ಬಾಯಿ ಒಣಗಿದರೆ ಅಲ್ಲೇ ನೀರು ಕೇಳಿ ಕುಡಿದು, ನಡೆದದ್ದನ್ನು ಪೂರ್ತಿ ಹೇಳಿ ಬರುತ್ತೇನೆ. ಆಮೇಲೆ ಮನೆಯಲ್ಲಿ ಉಳಿದ ಬೆಂಡೆಕಾಯಿಯನ್ನು ಪಲ್ಯ ಮಾಡುತ್ತೇನೆ.