ಮಡಿ ನೀರಲ್ಲಿ ಮಿಂದ ಮಂಜುಗಡ್ಡೆ

ಶಾಖವೆಂದರೇನು ಎಂಬುದನ್ನು ನಲವತ್ತು ತುಂಟ ಹುಡುಗರಿಗೆ ತಿಳಿಸಬಹುದು. ಹೆತ್ತ ತಾಯಿಗೆ ತಿಳಿಸುವುದು ಆಗದ ಮಾತು. ಹೊಸಪೇಟೆಯ ಶಾಲೆಯಲ್ಲಿ ವಿಜ್ಞಾನದ ಪಾಠ ಹೇಳುತ್ತಿದ್ದ ನನ್ನ ಅನುಭವ ಇದು. ಅನುಭವ ಎನ್ನುವುದಕ್ಕಿಂತ ನೆನಪು ಎಂದರೆ ಸರಿ. ನೆನಪು ಬೆಲ್ಲದ ಪಾಕವಿದ್ದ ಹಾಗೆ. ಕೈಯಾಡಿಸಿದಷ್ಟೂ ಗಟ್ಟಿಯಾಗುತ್ತದೆ, ಮೊದಲು ಹೇಗಿತ್ತೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ತಂಗಿ ಪದ್ದಿಗೆ ಮದುವೆಯಾದ ವರ್ಷ. ಯುಗಾದಿಗೆ ಅವಳು ಗಂಡನಿಗಿಂತ ಮೊದಲೇ ಬಂದಿಳಿದಳು.

"ಅಣ್ಣಾ, ನನ್ನ ಮಾನ ನಿನ್ನ ಕೈಯಾಗದ. ನಿಮ್ಮೂರಾಗ ಬಿಸಿಲು ಬಿಟ್ರ ಏನದ ಅಂತ ಅವರ ಮನ್ಯಾಗ ದಿನಾ ಚಾಷ್ಟಿ ಮಾಡ್ತಿದ್ರು. ನಮ್ಮಣ್ಣ ಮನ್ಯಾಗೇ ಐಸ್‌ಕ್ರೀಮ್ ಮಾಡ್ತಾನ ಅಂದುಬಿಟ್ಟೆ."

"ನಾ ಯಾವಾಗ ಮಾಡೀನೇ?"

"ಯುಗಾದಿಗೆ ಮಾಡ್ತೀಯಲ್ಲ!"

ಗಂಡ ಮದರಾಸಿನಲ್ಲಿ ಓದಿದವರು, ಅಲ್ಲಿ ಐಸ್‌ಕ್ರೀಮ್ ತಿಂದು ತಿಂದು ಬೇಸರ ಬಂದಿದೆ ಎನ್ನುವವರು. ಪದ್ದಿಯ ಮಾತು ಸುಳ್ಳಾದರೆ ಅವಳು ಆ ಮನೆಯಲ್ಲಿ ತಲೆಯೆತ್ತುವಂತಿರಲಿಲ್ಲ. ಬಳ್ಳಾರಿಯಿಂದ ರೈಲಿನಲ್ಲಿ, ಮರದ ಹೊಟ್ಟು ತುಂಬಿದ ಗೋಣಿಯೊಳಗೆ, ಕುಂಬಳಕಾಯಿ ಗಾತ್ರದ ಮಂಜುಗಡ್ಡೆ ತರಿಸಿದೆ.

ಅಮ್ಮ ಅದನ್ನು ಹಿತ್ತಲಲ್ಲೇ ತಡೆದಳು. "ಯಾರ ನೀರೋ, ಯಾರು ಮುಟ್ಟಿದ್ದೋ. ಒಳಗ ತರಬ್ಯಾಡ." ಉಪ್ಪು ಕೇಳಿದರೆ ಅದೂ ಇಲ್ಲ. "ಹಾಲಿನ ಬಾಜೂಕ ಉಪ್ಪ? ಒಡೀತದ."

ಹರಳುಪ್ಪು ತರಲು ನಾನೇ ಅಂಗಡಿಗೆ ಓಡಿದೆ. ತಿರುಗಿ ಬಂದಾಗ ಬಾವಿಯ ಬಳಿ ಎರಡು ಬರಿಗೊಡಗಳು, ಬಿಚ್ಚಿದ ಗೋಣಿ, ಅದರ ಮೇಲೆ ತೆಂಗಿನಕಾಯಿಯಷ್ಟು ಮಂಜುಗಡ್ಡೆ.

"ಮೂರು ಸಲ ಮಡಿ ನೀರು ಹಾಕೀನಿ," ಎಂದಳು ಅಮ್ಮ ಸಮಾಧಾನದಿಂದ. "ಈಗ ಶುದ್ಧ ಆತು, ಒಳಗ ತಗೊಂಡು ಬಾ."

"ಕರಗಿಸಿಬಿಟ್ಟೆಲ್ಲಮ್ಮಾ!"

ಸಿಟ್ಟಿನಲ್ಲಿ ಪಾಠ ಹೇಳಬಾರದು, ನಾನು ಹೇಳಿದೆ. ಉಪ್ಪು ಬಿದ್ದರೆ ಮಂಜುಗಡ್ಡೆ ಬೇಗ ಕರಗುತ್ತದೆ. ಕರಗಲು ಶಾಖ ಬೇಕು. ಆ ಶಾಖವನ್ನು ಪಾತ್ರೆಯೊಳಗಿನ ಹಾಲಿನಿಂದ ಕಸಿದುಕೊಳ್ಳುತ್ತದೆ, ಹಾಲು ಹೆಪ್ಪುಗಟ್ಟುತ್ತದೆ.

ಅಮ್ಮ ಶ್ರದ್ಧೆಯಿಂದ ಕೇಳಿದಳು. "ಅಂದ್ರ ಕರಗ್ಲಿ ಅಂತನ ಉಪ್ಪು ತಂದಿ?"

"ಹೌದು."

"ನಾ ನೀರು ಹಾಕಿ ಕರಗಿಸಿದ್ರ ತಪ್ಪು, ನೀ ಉಪ್ಪು ಹಾಕಿ ಕರಗಿಸಿದ್ರ ಶಾಸ್ತ್ರ. ಭಾಳ ಛಂದದ ಬಿಡು."

 

ಉಳಿದ ಗಡ್ಡೆಯನ್ನು ಒಡೆದು ಉಪ್ಪಿನೊಡನೆ ಬಕೀಟಿಗೆ ಸುರಿದು, ಏಲಕ್ಕಿ ಸಕ್ಕರೆ ಹಾಕಿ ಬತ್ತಿಸಿದ ಹಾಲಿನ ಡಬ್ಬಿಯನ್ನು ಅದರೊಳಗಿಟ್ಟು, ನಾನೂ ಪದ್ದಿಯೂ ಸರದಿಯಲ್ಲಿ ತಿರುಗಿಸಿದೆವು. ಡಬ್ಬಿಯ ಅಂಚಿನಲ್ಲಿ ಐಸ್‌ಕ್ರೀಮ್ ಆಯಿತು. ನಡುವೆ ಪಾಯಸವೇ ಉಳಿಯಿತು. ಅಂಚನ್ನೆಲ್ಲ ಕೆರೆದು ಪದ್ದಿ ಅಷ್ಟರಲ್ಲಿ ಬಂದಿದ್ದ ಗಂಡನ ಬಟ್ಟಲು ತುಂಬಿದಳು, ನನಗೂ ಒಂದು ಚೂರು ಹಾಕಿದಳು. ಬಟ್ಟಲಿನಿಂದ ತೆಳ್ಳಗೆ ಹೊಗೆಯಂಥದು ಏಳುತ್ತಿತ್ತು. ಮದರಾಸಿನ ಅಳಿಯಂದಿರು ಚಮಚ ಎತ್ತಿ, ಬಾಯಿಗಿಡುವ ಮೊದಲು "ಉಫ್, ಉಫ್" ಎಂದು ಊದಿದರು! ಐಸ್‌ಕ್ರೀಮಿನ ಮುಖವನ್ನೇ ಅವರು ಕಂಡಿರಲಿಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಪದ್ದಿಯ ಮಾನ ಉಳಿಯಿತು.

ಈ ಕಥೆಯನ್ನು ಮಾಸ್ತರುಗಳ ಕೋಣೆಯಲ್ಲಿ ವರ್ಷಗಟ್ಟಲೆ ಹೇಳಿ ನಗಿಸಿದೆ. ಮೊನ್ನೆ ಪದ್ದಿ ಬಂದಾಗ ಅವಳೆದುರೇ ಹೇಳಿದೆ. ಅವಳು ನಗಲಿಲ್ಲ.

"ಅವರೆಲ್ಲಿ ಊದಿದ್ರು? ಅವರು ತಿಂದು, ಮಸ್ತ್ ಆಗ್ಯದ ಅಂದ್ರು. ಊದಿದಾಂವ ನೀನು. ಅವತ್ತಿನಿಂದ ಅವರ ಮನ್ಯಾಗ ನನ್ನ ಚಾಷ್ಟಿ ಬಿಟ್ಟು, ನಿನಗ 'ಊದೋ ಮಾಸ್ತರು' ಅಂತಾರ. ನನಗ ಭಾಳ ಉಪಕಾರ ಆತು."

ಸಾಧ್ಯವೇ ಇಲ್ಲ, ಮಂಜುಗಡ್ಡೆಯ ಶಾಖದ ಪಾಠ ಹೇಳುವವನು ಐಸ್‌ಕ್ರೀಮ್ ಊದುತ್ತಾನೆಯೇ ಎಂದು ವಾದಿಸಿದೆ. ಪದ್ದಿ ನನ್ನ ಮುಂದೆ ಮಜ್ಜಿಗೆಯ ಲೋಟ ಇಟ್ಟಳು. ವಾದದ ಭರದಲ್ಲಿ ಅದನ್ನೆತ್ತಿ, ಕುಡಿಯುವ ಮೊದಲು ಎರಡು ಸಲ ಊದಿದೆ.