ಖಾಲಿ ಮಾಡೋಕೆ ಎಷ್ಟು ದಿನ ಹಾಕ್ಲಿ?

ಬಾಡಿಗೆ ಕರಾರು ಟೈಪು ಮಾಡುವವರಿಗೆ ಇಂಥ ಪ್ರಸಂಗಗಳಿಂದ ಬಿಡುಗಡೆಯೇ ಇಲ್ಲ. ಮಂಡ್ಯದ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಬಂದವರು ಕರಾರಿನ ಬೇರೆ ಯಾವ ಸಾಲಿಗೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ "ಖಾಲಿ ಮಾಡೋಕೆ ಎಷ್ಟು ದಿನ ಮುಂಚೆ ನೋಟೀಸು ಅಂತ ಹಾಕ್ಲಿ?" ಎಂದು ಕೇಳಿದೆನೋ, ನನ್ನ ಮಧ್ಯಾಹ್ನದ ಊಟ ತಣ್ಣಗಾಯಿತು ಅಂತಲೇ ಲೆಕ್ಕ.

ಈ ವರ್ಷ ಆ ಸಂಕಟ ನನಗೇ ಬಂತು. ನನ್ನ ಅಂಗಡಿಯೂ ಬಾಡಿಗೆಯದೇ. ಮೇಲಿನ ಮನೆಯಲ್ಲಿರುವ ಯಜಮಾನರು ನೌಕರಿಯಿಂದ ರಿಟೈರಾದವರು. ಬೆಳಗ್ಗೆ ಇಳಿದು ಬಂದು ನನ್ನ ಫ್ಯಾನಿನ ಕೆಳಗೆ ಪೇಪರ್ ಹಿಡಿದು ಕೂತರೆ ಏಳುವುದು ಸಂಜೆಗೇ.

"ನಮ್ಮಕ್ಕನ ಮಗ ಇಲ್ಲಿ ಮೊಬೈಲ್ ಅಂಗಡಿ ಇಡ್ತಾನಂತೆ ಕಣಮ್ಮ. ಈ ಸಲ ಕರಾರಲ್ಲಿ ನೋಟೀಸು ಹದಿನೈದೇ ದಿನ" ಅಂದುಬಿಟ್ಟರು. ಕೋರ್ಟಿನ ಎದುರು ಬಿಟ್ಟು ಯಾವುದೋ ಗಲ್ಲಿಗೆ ಹೋದರೆ ನನ್ನನ್ನು ಹುಡುಕಿಕೊಂಡು ಯಾರು ಬರುತ್ತಾರೆ? ನಿಜಕ್ಕೂ ಹೆದರಿಕೆಯಾಗಿತ್ತು.

ಆಷಾಢ ಬುಟ್ಟು

ಮಳವಳ್ಳಿ ಕಡೆಯ ತಾಯಿ, ಮಗ ಮಂಡ್ಯದಲ್ಲಿ ಬಾಡಿಗೆ ಮನೆ ಹಿಡಿದು, ಕರಾರು ಮಾಡಿಸಲು ಮಾಲೀಕರ ಜೊತೆ ನನ್ನ ಅಂಗಡಿಗೆ ಬಂದಿದ್ದರು. ಮಾಲೀಕರು ನೋಟೀಸು ಎರಡು ತಿಂಗಳು ಎಂದರು. ಮಗ ತಲೆಯಾಡಿಸಿದ. ತಾಯಿ ಬಿಡಲಿಲ್ಲ.

"ಆಸಾಡದಲ್ಲಿ ಮನೆ ಬದಲಾಯ್ಸಂಗಿಲ್ಲ. ಅದ ಬುಟ್ಟು ಲೆಕ್ಕ ಆಕಿ."

"ಆಗ್ಲಿ ಬುಡವ್ವ" ಎಂದರು ಮಾಲೀಕರು.

"ಪಿತೃಪಕ್ಸ?"

"ಅದೂ ಬುಡಿ."

"ಧನುರ್ಮಾಸ. ಆಮ್ಯಾಕೆ ಮೊಮ್ಮಗಳ ಪರೀಕ್ಸೆ. ಸೊಸೆ ಬಸ್ರಿ ಆದ್ರೆ ಎರಿಗೆ ಆಗೋಗಂಟ ಮನೆ ಬುಡಂಗಿಲ್ಲ."

ಮಾಲೀಕರು ಬೆವರು ಒರೆಸಿಕೊಂಡರು. "ಈಗ ಬಸ್ರಿನಾ?"

"ಇಲ್ಲ. ನೀವು ನೋಟೀಸು ಕೊಟ್ಟಾಗ ನೋಡಣ" ಎಂದರು ಆಯಮ್ಮ.

ಚೀಲಕ್ಕೋ ಮಂಕರಿಗೋ

ಇನ್ನೊಂದು ದಿನ ಮದ್ದೂರಿನ ಗ್ಯಾರೇಜಿನ ಭಾಯಿ ಬಂದರು, ಜೊತೆಗೆ ಆ ಜಾಗದ ಮಾಲೀಕ ಗೌಡರು.

"ಒಂದೇ ತಿಂಗ್ಳು ಆಕವ್ವ" ಎಂದರು ಗೌಡರು.

ಭಾಯಿ ತಕರಾರೇ ಮಾಡಲಿಲ್ಲ. "ಹಾಕಿ ಅಕ್ಕ, ತಿಂಗ್ಳಲ್ಲಿ ಎದ್ದೋಯ್ತೀನಿ. ಗೌಡ್ರೇ, ನಿಮ್ ಟ್ರ್ಯಾಕ್ಟ್ರು ಇಂಜಿನ್ ಬಿಚ್ಚಿ ಹರಡ್ಕೊಂಡಿದೀನಲ್ಲ, ಅದನ್ನ ಚೀಲಕ್ಕೆ ತುಂಬ್ಕೊಡ್ಲಾ, ಮಂಕ್ರಿಗಾ?"

ಗೌಡರು ಗೋಡೆ ನೋಡಿದರು, ನನ್ನನ್ನು ನೋಡಿದರು. "ಟ್ರ್ಯಾಕ್ಟ್ರು ಸ್ಟಾರ್ಟ್ ಆದ್ಮೇಲೆ ಒಂದು ತಿಂಗ್ಳು ಅಂತ ಬರ್ಕೊ."

ನನಗೇನು, ಬರೆದೆ. ಮೊನ್ನೆ ಮದ್ದೂರಿಗೆ ಹೋದಾಗ ನೋಡಿದರೆ ಗ್ಯಾರೇಜು ಭರ್ಜರಿಯಾಗಿ ನಡೆಯುತ್ತಿತ್ತು. ಗೌಡರ ಟ್ರ್ಯಾಕ್ಟರಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

ಯಜಮಾನರು ಎರಡು ಸಲವೂ ಪೇಪರಿನ ಹಿಂದೆ ನಕ್ಕಿದ್ದರು. "ದಡ್ಡ ಮಾಲೀಕ್ರು. ನನ್ನ ಹತ್ರ ಇವೆಲ್ಲ ನಡಿಯಲ್ಲ" ಅಂದಿದ್ದರು.

ಹದಿನೈದು ದಿನ

ಕೊನೆಗೆ ನನ್ನ ಸರದಿ. ಕಟ್ಟಡ ಯಜಮಾನರ ಹೆಂಡತಿಗೆ ತವರಿನಿಂದ ಬಂದದ್ದು, ಸಹಿ ಅವರೇ ಹಾಕಬೇಕು. ಎಂದೂ ಇಳಿದು ಬಾರದವರು ಅವತ್ತು ಅಂಗಡಿಗೆ ಬಂದರು. ನನ್ನನ್ನು ಹೊರಗೆ ಹಾಕುವ ಸಾಲನ್ನು ನಾನೇ ತಪ್ಪಿಲ್ಲದಂತೆ ಟೈಪು ಮಾಡಿ ಅವರ ಕೈಗೆ ಕೊಟ್ಟೆ.

ಅವರು ನಿಧಾನಕ್ಕೆ ಓದಿ, ಗಂಡನ ಕಡೆ ತಿರುಗಿದರು. "ಈವಮ್ಮ ಅಂಗಡಿ ಬುಟ್ಟೋದ್ಮೇಲೆ ನೀವು ಎಲ್ಲಿ ಕೂತ್ಕತೀರಿ?"

"ನಮ್ಮಕ್ಕನ ಮಗನ ಅಂಗಡೀಲಿ ಕುರ್ಚಿ ಇಡೋಕೆ ಜಾಗ ಇಲ್ವಂತೆ. ಮನೇಲೇ ಇರ್ತೀನಿ."

"ದಿನವೆಲ್ಲಾನಾ?"

"ಮತ್ತೆ?"

ಆಯಮ್ಮ ಪೆನ್ನಿನ ಮುಚ್ಚಳ ಮುಚ್ಚಿದರು. ಇಷ್ಟು ವರ್ಷ ಮೇಲಿನ ಮನೆಯಲ್ಲಿ ಒಬ್ಬರೇ ಅನುಭವಿಸಿದ ನೆಮ್ಮದಿಯೆಲ್ಲ ಅವರ ಮುಖದಲ್ಲಿ ಒಂದು ಸಲ ಬಂದುಹೋಯಿತು.

"ಅದ್ನೈದು ದಿನ ಅಳಸ್ಬುಡವ್ವ. ಮೂರು ವರ್ಸ ಆಕು. ಕೆಳಗೆ ಇನ್ನೊಂದು ಸಾಲು ಸೇರ್ಸು. ಯಾವತ್ತಾರ ಅಂಗಡಿ ಖಾಲಿ ಮಾಡುದ್ರೆ, ಇವರ್ನೂ ಜೊತೇಲೇ ಕರ್ಕೊಂಡು ಓಗ್ಬೇಕು."

ಯಜಮಾನರಿಗೆ ಸಿಟ್ಟು ಬಂತೆಂದು ನಾನು ಟೈಪು ಮಾಡುವುದು ನಿಲ್ಲಿಸಿದೆ. ಅವರು ಪೇಪರ್ ಮಡಚಿ, ತಲೆಯ ಮೇಲೆ ತಿರುಗುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿದರು.

"ಅಲ್ಲೂ ಫ್ಯಾನಿರ್ಬೇಕು ಅಂತ ಸೇರ್ಸಮ್ಮ" ಎಂದರು.